ಕಂಪ್ಯೂಟರ್ ಕಿರುಚಿತ್ರಗಳೂ ನಮ್ಮ ಮನೆಯ ಮಾತೂ

ನಮ್ಮ ಸಂಘದ ಪತ್ರಿಕೆಯಲ್ಲಿ ನಾಟಕದ ವಿಮರ್ಶೆ ಬರುತ್ತದೆ, ತಾಳಮದ್ದಲೆಯ ವರದಿ ಬರುತ್ತದೆ, ಊರ ಕಡೆಯಿಂದ ದಯಮಾಡಿಸಿದ ಸಾಹಿತಿಗಳ ಭಾಷಣದ ಸಾರಾಂಶ ಬರುತ್ತದೆ. ಕಾರ್ಟೂನು ಚಿತ್ರಗಳ ವಿಚಾರ ಮಾತ್ರ ಬಂದದ್ದಿಲ್ಲ. ಅದು ಮಕ್ಕಳನ್ನು ಊಟಕ್ಕೆ ಕೂರಿಸುವ ಸಲುವಾಗಿ ಟಿ.ವಿ.ಯಲ್ಲಿ ಹಾಕುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆದರೆ ನಮ್ಮ ಲಿಂಗಂಪಲ್ಲಿ, ಚಂದಾನಗರ, ರಾಮಚಂದ್ರಾಪುರದ ಕನ್ನಡ ಮನೆಗಳನ್ನೊಮ್ಮೆ ಎಣಿಸಿ ನೋಡಿ. ಹಿರಿಯರು ಬಿ.ಎಚ್.ಇ.ಎಲ್. ಕಾರ್ಖಾನೆಗೆಂದು ಬಂದವರು. ಅವರ ಹಿಂದೆ ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರು ವರ್ಗವಾಗಿ ಬಂದೆವು. ಬಳಿಕ ಬಂದವರು ಸಾಫ್ಟ್‌ವೇರಿನವರು. ಈಗ ಪಿ.ಯು.ಸಿ. ಮುಗಿಸಿದ ಹುಡುಗರು, ಹುಡುಗಿಯರು ‘ಅನಿಮೇಷನ್ ಕೋರ್ಸು ಸೇರಲೇ?’ ಎಂದು ಕೇಳುತ್ತಿದ್ದಾರೆ. ತಂದೆತಾಯಿಗಳು ತಿರುಗಿ ಕೇಳುವುದು ಎರಡೇ ಪ್ರಶ್ನೆ: ಫೀಸು ಎಷ್ಟು, ಸಂಬಳ ಎಷ್ಟು. ಈ ಎರಡಕ್ಕೂ ಉತ್ತರ ಹೇಳುವವರು ಊರ ತುಂಬ ಇದ್ದಾರೆ. ಆ ಕಲೆಯಲ್ಲಿ ಒಳ್ಳೆಯದು ಯಾವುದು, ಅದು ಏಕೆ ಒಳ್ಳೆಯದು ಎಂದು ಕೇಳುವವರು ಇಲ್ಲವಾದ್ದರಿಂದ ನಾವು ಈ ಬರವಣಿಗೆಗೆ ಕೈಹಾಕಿದ್ದೇವೆ.

ಕಂಪ್ಯೂಟರಿನಲ್ಲಿ ತಯಾರಾದ ಚಿತ್ರಗಳಿಗೆಂದೇ ಹೊರದೇಶಗಳಲ್ಲಿ ಸ್ಪರ್ಧೆಗಳಿವೆ. ಅವುಗಳಲ್ಲಿ ದೊಡ್ಡದು ಅಮೆರಿಕದ ಸಿಗ್‌ಗ್ರಾಫ್ ಸಮ್ಮೇಳನದ್ದು. ಕಂಪ್ಯೂಟರ್ ವಿದ್ವಾಂಸರ ಈ ಸಮ್ಮೇಳನ ಮೊದಲು ಸೇರಿದ್ದು ೧೯೭೪ರಲ್ಲಿ, ಕೊಲರಾಡೋದ ಬೌಲ್ಡರ್ ನಗರದಲ್ಲಿ. ನಮ್ಮ ಸಾಹಿತ್ಯ ಸಮ್ಮೇಳನದಲ್ಲಿ ಹಗಲು ಗೋಷ್ಠಿ, ರಾತ್ರಿ ನಾಟಕ ಇರುವಂತೆ ಅಲ್ಲಿಯೂ ಹಗಲು ಪ್ರಬಂಧ ಮಂಡನೆ, ಸಂಜೆ ಚಿತ್ರ ಪ್ರದರ್ಶನ. ಈ ಪ್ರದರ್ಶನವೇ ಬೆಳೆದು ಉತ್ಸವವಾಯಿತು. ಅಲ್ಲಿ ಮೊದಲ ಬಹುಮಾನ ಪಡೆದ ಕಿರುಚಿತ್ರಕ್ಕೆ ಆಸ್ಕರ್ ಸ್ಪರ್ಧೆಯ ಬಾಗಿಲು ತೆರೆಯುತ್ತದೆ. ಇನ್ನೊಂದು ಆಸ್ಟ್ರಿಯಾ ದೇಶದ ಲಿಂಟ್ಸ್ ನಗರದ ಆರ್ಸ್ ಎಲೆಕ್ಟ್ರಾನಿಕಾ. ಅದು ೧೯೮೭ರಿಂದ ‘ಗೋಲ್ಡನ್ ನಿಕಾ’ ಎಂಬ ಚಿನ್ನದ ಬಣ್ಣದ ಪ್ರತಿಮೆಯನ್ನು ಕೊಡುತ್ತ ಬಂದಿದೆ. ಸಿಗ್‌ಗ್ರಾಫಿನ ಏಷ್ಯಾ ಸಮ್ಮೇಳನ ೨೦೦೮ರಲ್ಲಿ ಸಿಂಗಪುರದಿಂದ ಆರಂಭವಾಗಿ ಜಪಾನು, ಕೊರಿಯಾ, ಹಾಂಗ್‌ಕಾಂಗ್, ಬ್ಯಾಂಕಾಕ್ ಎಲ್ಲ ಸುತ್ತಿದೆ. ಇಷ್ಟು ಮಂದಿ ಕಂಪ್ಯೂಟರಿನವರಿರುವ ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ.

ಮೊದಲು ನೋಡಬೇಕಾದ ಚಿತ್ರ ೧೯೮೬ರ ‘ಲಕ್ಸೊ ಜೂನಿಯರ್’. ಆ ವರ್ಷ ಡಲ್ಲಾಸ್ ನಗರದ ಸಿಗ್‌ಗ್ರಾಫಿನಲ್ಲಿ ತೋರಿಸಿದರು. ಮರುವರ್ಷ ಲಿಂಟ್ಸ್‌ನ ಮೊಟ್ಟಮೊದಲ ಗೋಲ್ಡನ್ ನಿಕಾ ಇದರ ನಿರ್ದೇಶಕ ಜಾನ್ ಲ್ಯಾಸೆಟರ್ ಅವರಿಗೆ ದೊರೆಯಿತು. ಸುಮಾರು ಎರಡು ನಿಮಿಷದ ಚಿತ್ರ. ಮೇಜಿನ ಮೇಲಿಡುವ ಎರಡು ದೀಪ, ಒಂದು ಚೆಂಡು, ಇಷ್ಟೇ ಪಾತ್ರವರ್ಗ. ದೊಡ್ಡ ದೀಪ ನಿಂತು ನೋಡುತ್ತಿದೆ. ಮರಿ ದೀಪ ಚೆಂಡಿನೊಡನೆ ಆಡುತ್ತದೆ, ಅದರ ಮೇಲೇರಿ ಕುಣಿಯುತ್ತದೆ, ಚೆಂಡಿನ ಗಾಳಿ ಹೋಗಿಬಿಡುತ್ತದೆ. ಮರಿ ತಲೆ ತಗ್ಗಿಸಿಕೊಂಡು ಹೊರಗೆ ಹೋಗುತ್ತದೆ. ಮರುಗಳಿಗೆಯಲ್ಲಿ ಇನ್ನೂ ದೊಡ್ಡ ಚೆಂಡಿನೊಡನೆ ಹಾಜರು. ದೊಡ್ಡ ದೀಪ ನಮ್ಮ ಕಡೆ ತಿರುಗಿ ತಲೆಯಾಡಿಸುತ್ತದೆ.

ಈ ದೀಪಗಳಿಗೆ ಕಣ್ಣಿಲ್ಲ, ಬಾಯಿಲ್ಲ, ಕೈಯಿಲ್ಲ. ಪೇಟೆಯಲ್ಲಿ ಸಿಗುವ ದೀಪ ಎಲ್ಲೆಲ್ಲಿ ಬಗ್ಗುತ್ತದೆಯೋ ಅಲ್ಲಷ್ಟೇ ಬಗ್ಗುತ್ತವೆ. ಹೀಗಿದ್ದೂ ಮರಿಯ ಸಡಗರ, ನಾಚಿಕೆ, ಹಟ ಎಲ್ಲವೂ ನಮಗೆ ತಿಳಿಯುವುದು ಹೇಗೆ? ಬಿ.ಎಸ್ಸಿ.ಯಲ್ಲಿ ನ್ಯೂಟನ್ನನ ನಿಯಮಗಳನ್ನು ಗಟ್ಟಿ ಮಾಡಿದ್ದ ನಮಗೆ ಇಲ್ಲಿ ಅವು ಉಪಯೋಗಕ್ಕೆ ಬಂದವು. ಜಿಗಿಯುವ ಮೊದಲು ಮರಿ ಒಂದಿಷ್ಟು ಕುಗ್ಗುತ್ತದೆ. ನೆಲಕ್ಕೆ ಬಿದ್ದ ಮೇಲೆ ಅದರ ತಲೆ ಅರೆಗಳಿಗೆ ತಡವಾಗಿ ನಿಲ್ಲುತ್ತದೆ. ಹಿಂದೆ ಬರುವ ತಂತಿ ಇನ್ನೂ ತಡವಾಗಿ. ತೂಕವುಳ್ಳ ವಸ್ತು ಹಾಗಲ್ಲದೆ ಬೇರೆ ರೀತಿ ಚಲಿಸಲಾರದು. ತೂಕ ನಿಜವಾದ ಮೇಲೆ ಮನಸ್ಸೂ ಇದ್ದೀತೆಂದು ನಾವೇ ಒಪ್ಪಿಕೊಂಡುಬಿಡುತ್ತೇವೆ. ಈ ಮರಿಯನ್ನು ಹೇಗೆ ರೂಪಿಸಿದರೆಂದು ಲ್ಯಾಸೆಟರ್ ೧೯೮೭ರ ಸಿಗ್‌ಗ್ರಾಫಿನ ಪ್ರಬಂಧದಲ್ಲಿ ವಿವರಿಸಿದ್ದಾರೆ. ದೊಡ್ಡ ದೀಪವನ್ನು ಬರಿದೇ ಚಿಕ್ಕದು ಮಾಡಿದರೆ ಮಗುವಾಗದು. ಮಗುವಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕೈಕಾಲು ಗಿಡ್ಡ. ಅಂತೆಯೇ ಕಂಬಿಗಳನ್ನು ಮೊಟಕು ಮಾಡಿದರು. ಬಲ್ಬನ್ನು ಮಾತ್ರ ಅದೇ ಅಳತೆಯಲ್ಲಿ ಉಳಿಸಿದರು, ಏಕೆಂದರೆ ಅದು ಅಂಗಡಿಯಿಂದ ತಂದು ಸಿಕ್ಕಿಸುವಂಥದು, ಬೆಳೆಯುವ ಅಂಗವಲ್ಲ! ಇಂಥ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವವರನ್ನು ಕಂಡರೆ ನಮಗೆ ಗೌರವ.

ಲ್ಯಾಸೆಟರ್ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ಪ್ರದರ್ಶನ ಮುಗಿದಾಗ ಆ ಶಾಸ್ತ್ರದ ಘಟಾನುಘಟಿಯಾದ ಜಿಮ್ ಬ್ಲಿನ್ ಎಂಬವರು ಇವರತ್ತ ಬಂದರಂತೆ. ನೆರಳಿನ ಲೆಕ್ಕಾಚಾರದ ಬಗ್ಗೆ ಏನೋ ಕಠಿಣ ಪ್ರಶ್ನೆ ಕಾದಿದೆ ಎಂದು ಇವರು ಅಂಜಿದರು. ಅವರು ಕೇಳಿದ್ದು, ಆ ದೊಡ್ಡ ದೀಪ ತಾಯಿಯೋ ತಂದೆಯೋ ಎಂದು. ಲೆಕ್ಕದ ವಿದ್ವಾಂಸನೊಬ್ಬ ಲೆಕ್ಕ ಮರೆತು ಸಂಬಂಧ ವಿಚಾರಿಸಿದ ಗಳಿಗೆಯೇ ಈ ಕಲೆಯ ನಾಮಕರಣ ಮುಹೂರ್ತ ಎಂದು ನಾವು ಭಾವಿಸುತ್ತೇವೆ.

ಅವರದೇ ‘ಟಿನ್ ಟಾಯ್’ (೧೯೮೮) ಆಸ್ಕರ್ ಗಳಿಸಿದ ಮೊದಲ ಕಂಪ್ಯೂಟರ್ ಚಿತ್ರ. ಅದರಲ್ಲಿ ವಾದ್ಯ ಬಾರಿಸುವ ತಗಡಿನ ಬೊಂಬೆ ಮಗುವಿನ ಕೈಯಿಂದ ತಪ್ಪಿಸಿಕೊಂಡು ಸೋಫಾದ ಕೆಳಗೆ ನುಗ್ಗಿದರೆ, ಅಲ್ಲಿ ಮನೆಯ ಸಮಸ್ತ ಆಟಿಕೆಗಳೂ ಮೊದಲೇ ಅವಿತುಕೊಂಡು ನಡುಗುತ್ತಿರುತ್ತವೆ. ನಕ್ಕು ಸಾಕಾಗುತ್ತದೆ. ಆದರೆ ಆ ಮಗುವಿನ ಮುಖವಿದೆಯಲ್ಲ, ಅದನ್ನು ಕಂಡರೆ ಆಟಿಕೆಗಳೇಕೆ, ನಾವೇ ಸೋಫಾದಡಿ ಹೋಗಬೇಕೆನಿಸುತ್ತದೆ. ತಗಡಿನಲ್ಲಿ ಜೀವ ಬಂದಿದೆ, ಜೀವದ ಮುಖ ರಬ್ಬರಾಗಿದೆ. ಅದೇ ಸಂಸ್ಥೆಯ ‘ಗೆರಿಸ್ ಗೇಮ್’ (೧೯೯೭) ಬರುವ ಹೊತ್ತಿಗೆ ಮುದುಕನ ಚರ್ಮ, ಕೋಟಿನ ಮಡಿಕೆ ಎಲ್ಲ ಕೈವಶವಾಗಿತ್ತು. ಉದ್ಯಾನದಲ್ಲಿ ಒಬ್ಬನೇ ಕೂತು, ಎದ್ದೆದ್ದು ಹೋಗಿ ಎರಡೂ ಕಡೆಯಿಂದ ಚದುರಂಗ ಆಡುವ ಅಜ್ಜ. ಸೋಲುವಂತಾದಾಗ ಎದೆ ಹಿಡಿದು ಬಿದ್ದಂತೆ ನಟಿಸಿ ಹಲಗೆಯನ್ನೇ ತಿರುಗಿಸುತ್ತಾನೆ, ತನ್ನ ಹಲ್ಲಿನ ಸೆಟ್ಟನ್ನೇ ತನ್ನಿಂದ ಗೆಲ್ಲುತ್ತಾನೆ. ಜಾನ್ ಪಿಂಕಾವಾ ಅವರ ಈ ಚಿತ್ರವನ್ನು ನಿವೃತ್ತರಾದವರು ಅವಶ್ಯ ನೋಡಬೇಕು.

ಎಲ್ಲ ಪ್ರಶಸ್ತಿ ಚಿತ್ರಗಳನ್ನೂ ಹೊಗಳಬೇಕೆಂದೇನೂ ಇಲ್ಲ. ೨೦೦೨ರಲ್ಲಿ ಸಿಗ್‌ಗ್ರಾಫಿನ ಅತ್ಯುತ್ತಮ ಕಿರುಚಿತ್ರವೆನಿಸಿದ್ದು ಪೋಲೆಂಡಿನ ತೋಮೆಕ್ ಬಗಿನ್ಸ್ಕಿ ಅವರ ‘ಕತೇದ್ರಾ’. ಒಬ್ಬ ಯಾತ್ರಿಕ ಬೆಳಕಿನ ಕೋಲು ಹಿಡಿದು ಭಾರೀ ದೇಗುಲವೊಂದರಲ್ಲಿ ನಡೆಯುತ್ತಾನೆ, ಕಂಬಗಳಲ್ಲಿ ಮುಖಗಳಿವೆ, ಸೂರ್ಯ ಮೂಡುತ್ತಲೂ ಅವನ ಮೈಯಿಂದಲೇ ಕೊಂಬೆಗಳು ಒಡೆದು ಅವನೂ ಕಂಬವಾಗುತ್ತಾನೆ. ಒಂದೊಂದು ದೃಶ್ಯವೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂತಿದೆ. ಆದರೆ ಗೋಳಗುಮ್ಮಟವನ್ನು ಮೊದಲ ಸಲ ನೋಡಿದಾಗ ಆಗುವುದೇ ಇಲ್ಲಿಯೂ ಆಗುತ್ತದೆ: ತಲೆಯೆತ್ತಿ ಬಾಯಿ ತೆರೆದು ನೋಡುತ್ತೇವೆ, ಕತ್ತು ನೋಯುತ್ತದೆ, ಬುತ್ತಿಯ ನೆನಪಾಗುತ್ತದೆ. ಆ ಯಾತ್ರಿಕ ಯಾರು, ಮನೆಯಲ್ಲಿ ಯಾರನ್ನು ಬಿಟ್ಟು ಬಂದ, ಒಂದೂ ಗೊತ್ತಾಗುವುದಿಲ್ಲ. ಗೊತ್ತಾಗದಿರುವುದೇ ಗಾಂಭೀರ್ಯ ಎನ್ನುವವರಿದ್ದಾರೆ. ನಾವು ಆ ಪಕ್ಷದವರಲ್ಲ.

ಅದಕ್ಕಿಂತ ಶೇನ್ ಆಕರ್ ಅವರ ‘೯’ ವಾಸಿ. ೨೦೦೫ರಲ್ಲಿ ಉತ್ಸವದ ಅತ್ಯುತ್ತಮ ಚಿತ್ರವಾದ ಇದು ಅವರು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ವರ್ಷಗಟ್ಟಲೆ ಕೂತು ಮಾಡಿದ ಹನ್ನೊಂದು ನಿಮಿಷದ ಕೃತಿ. ಗೋಣಿಬಟ್ಟೆಯ ಪುಟ್ಟ ಬೊಂಬೆ, ಅದನ್ನು ಬೇಟೆಯಾಡುವ ಯಂತ್ರಮೃಗ; ಮಾತೇ ಇಲ್ಲ. ೨೦೦೯ರಲ್ಲಿ ಇದನ್ನೇ ಹಿಗ್ಗಿಸಿ ದೊಡ್ಡ ಚಿತ್ರ ಮಾಡಿದರು, ಬೊಂಬೆಗಳಿಗೆ ಹೆಸರಾಂತ ನಟರಿಂದ ಮಾತು ಕೊಡಿಸಿದರು. ಬೊಂಬೆಗಳು ಮಾತಾಡತೊಡಗಿದ್ದೇ ತಡ, ಮೊದಲು ನಮ್ಮ ಊಹೆಗೆ ಬಿಟ್ಟಿದ್ದ ಭಯವೆಲ್ಲ ಸಂಭಾಷಣೆಯಲ್ಲಿ ಖರ್ಚಾಗಿಹೋಯಿತು. ೨೦೦೬ರ ‘ಒನ್ ರ್‍ಯಾಟ್ ಶಾರ್ಟ್’ ಕೂಡ ಮೂಕಚಿತ್ರವೇ. ಗಾಳಿಗೆ ಹಾರಿದ ಕುರುಕಲು ತಿಂಡಿಯ ಖಾಲಿ ಪೊಟ್ಟಣದ ಹಿಂದೆ ಹೋದ ಇಲಿಯ ಪ್ರೇಮಕಥೆ. ನಮ್ಮ ಲಿಂಗಂಪಲ್ಲಿ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಅಂಥ ಪೊಟ್ಟಣಕ್ಕೂ ಇಲಿಗೂ ಕೊರತೆಯಿಲ್ಲ.

ಈಗ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ಚಿತ್ರಕ್ಕೆ ಬರೋಣ. ೨೦೦೪ರಲ್ಲಿ ಸಿಗ್‌ಗ್ರಾಫಿನ ಅತ್ಯುತ್ತಮ ಕಿರುಚಿತ್ರವೆಂದು ಆರಿಸಲಾದ ‘ಬರ್ತ್‌ಡೇ ಬಾಯ್’. ನಿರ್ದೇಶಕ ಸೆಜಾಂಗ್ ಪಾರ್ಕ್. ಕೊರಿಯಾದಲ್ಲಿ ಹುಟ್ಟಿ ಆಸ್ಟ್ರೇಲಿಯಾಕ್ಕೆ ಬಂದವರು. ಸಿಡ್ನಿಯ ಚಲನಚಿತ್ರ ಶಾಲೆಯಲ್ಲಿ ಓದುವಾಗ ಮಾಡಿದ ಚಿತ್ರವಿದು. ಕಥೆ ನಡೆಯುವುದು ೧೯೫೧ರಲ್ಲಿ, ಯುದ್ಧಕಾಲದ ಕೊರಿಯಾದ ಒಂದು ಬರಿದಾದ ಹಳ್ಳಿಯಲ್ಲಿ. ಮಾನುಕ್ ಎಂಬ ಪುಟ್ಟ ಹುಡುಗ ತನ್ನಷ್ಟಕ್ಕೆ ಯುದ್ಧದಾಟ ಆಡಿಕೊಂಡು ತಿರುಗುತ್ತಾನೆ. ರೈಲುಹಳಿಯ ಮೇಲೆ ಕಬ್ಬಿಣದ ತುಂಡೊಂದನ್ನಿಟ್ಟು ಗಾಡಿ ಹಾಯುವುದನ್ನು ಕಾಯುತ್ತಾನೆ. (ನಾವು ಹುಡುಗರಾಗಿದ್ದಾಗ ಹತ್ತು ಪೈಸೆ ಇಡುತ್ತಿದ್ದೆವು, ಈ ವಿಷಯದಲ್ಲಿ ಕೊರಿಯಾಕ್ಕೂ ರಾಯಚೂರಿಗೂ ಭೇದವಿಲ್ಲ.) ಗಾಡಿ ಹಾಯುತ್ತದೆ, ಅದರ ಮೇಲೆ ಸಾಲು ಸಾಲು ಟ್ಯಾಂಕುಗಳು. ಮನೆಗೆ ಬಂದರೆ ಬಾಗಿಲಲ್ಲಿ ಒಂದು ಪಾರ್ಸೆಲು. ಅಂದು ಅವನ ಹುಟ್ಟುಹಬ್ಬ, ಉಡುಗೊರೆ ಬಂದಿದೆ ಎಂದು ಬಿಚ್ಚುತ್ತಾನೆ. ಒಳಗೆ ಇರುವುದು ಸೈನಿಕನಾಗಿ ಹೋದ ತಂದೆಯ ಸಾಮಾನುಗಳು. ಕೊರಳಬಿಲ್ಲೆಯನ್ನು ತಾನು ಹಾಕಿಕೊಳ್ಳುತ್ತಾನೆ, ಬೂಟಿಗೆ ಕಾಲು ತೂರಿಸುತ್ತಾನೆ. ಆಟ ಮುಂದುವರಿಯುತ್ತದೆ.

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಬಡಾವಣೆಯ ನಾಲ್ಕೈದು ಕನ್ನಡ ಮನೆಯವರು ಸೇರಿದ್ದಾಗ ಈ ಚಿತ್ರಗಳನ್ನು ದೊಡ್ಡ ಟಿ.ವಿ.ಗೆ ಹಾಕಿ ತೋರಿಸಿದ್ದೆವು. ಮಕ್ಕಳು ತಮ್ಮೊಳಗೆ ತೆಲುಗು, ಇಂಗ್ಲಿಷಿನಲ್ಲಿ ಗುಸುಗುಡುತ್ತಿದ್ದರು. ಕಲಬುರ್ಗಿ ಕಡೆಯ ಎಂಬತ್ತು ದಾಟಿದ ಒಬ್ಬ ಅಜ್ಜಿ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದೀಪದ ಚಿತ್ರಕ್ಕೆ ‘ಛಲೋ ಆದ’ ಅಂದರು. ‘ಕತೇದ್ರಾ’ಕ್ಕೆ ಕಣ್ಣು ಮುಚ್ಚಿದ್ದರು. ಈ ಹುಡುಗ ಬೂಟು ಹಾಕಿಕೊಂಡು ಅಂಗಳದಲ್ಲಿ ಓಡಾಡತೊಡಗಿದಾಗ ಮಾತ್ರ ಸೆರಗು ಬಾಯಿಗೆ ಹಿಡಿದು, ‘ಯಪ್ಪಾ, ಯಾರರ ಅವಗ ಹೇಳ್ರೋ!’ ಎಂದುಬಿಟ್ಟರು. ಕೊಠಡಿಯಲ್ಲಿ ಗುಸುಗುಸು ನಿಂತಿತು. ಹೇಳುವವರು ಚಿತ್ರದಲ್ಲಿ ಯಾರೂ ಇಲ್ಲ. ತಾಯಿಗೆ ಸುದ್ದಿ ತಿಳಿಯುವ ಮೊದಲೇ ಚಿತ್ರ ಮುಗಿದುಹೋಗುತ್ತದೆ. ಒಂಬತ್ತು ನಿಮಿಷದಲ್ಲಿ ಒಂದು ಶವವಿಲ್ಲ, ಒಂದು ಹನಿ ರಕ್ತವಿಲ್ಲ, ಯುದ್ಧದ ಇಡೀ ಸಂಕಟವಿದೆ.

ಈ ಚಿತ್ರದಲ್ಲಿ ಮಾತು ಬಹು ಕಡಮೆ. ಇರುವ ನಾಲ್ಕು ಮಾತು ಕೊರಿಯನ್ ಭಾಷೆಯದು. ಸಿಡ್ನಿಯಲ್ಲಿ ಕೂತು, ಸಿಡ್ನಿಯ ದುಡ್ಡಿನಲ್ಲಿ, ಪಾರ್ಕ್ ತನ್ನ ಹುಡುಗನ ಬಾಯಲ್ಲಿ ಇಂಗ್ಲಿಷ್ ಆಡಿಸಲಿಲ್ಲ. ಊರು ಬಿಟ್ಟು ಬಂದವನಿಗೆ ಇದು ಸಣ್ಣ ವಿಷಯವಲ್ಲ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಅದೇ ಉತ್ಸವದಲ್ಲಿ ತೀರ್ಪುಗಾರರ ಮನ್ನಣೆಯನ್ನೂ ಲಿಂಟ್ಸ್‌ನಲ್ಲಿ ಗೋಲ್ಡನ್ ನಿಕಾವನ್ನೂ ಪಡೆದ ‘ರಯಾನ್’ ಇದಕ್ಕೆ ತೀರ ವ್ಯತಿರಿಕ್ತ, ಮಾತಿನ ಮೇಲೆಯೇ ನಿಂತ ಚಿತ್ರ. ರಯಾನ್ ಲಾರ್ಕಿನ್ ಕೆನಡಾದ ಪ್ರತಿಭಾವಂತ ಅನಿಮೇಷನ್ ಕಲಾವಿದ. ೧೯೬೮ರ ‘ವಾಕಿಂಗ್’ ಎಂಬ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದವನು. ಮುಂದೆ ಮಾದಕ ವಸ್ತು, ಕುಡಿತಗಳಿಗೆ ಸಿಕ್ಕಿ ಮಾಂಟ್ರಿಯಲ್ ಬೀದಿಯಲ್ಲಿ ಚಿಲ್ಲರೆ ಬೇಡುವಂತಾದ. ಮೂಲತಃ ಇಂಜಿನಿಯರಿಂಗ್ ಓದಿದ ಕ್ರಿಸ್ ಲ್ಯಾಂಡ್ರೆತ್ ಅವನನ್ನು ಮಾತಾಡಿಸಿ, ಧ್ವನಿಯನ್ನು ಇದ್ದಂತೆಯೇ ಉಳಿಸಿಕೊಂಡು, ದೇಹವನ್ನು ಕಂಪ್ಯೂಟರಿನಲ್ಲಿ ರಚಿಸಿದರು. ಲಾರ್ಕಿನ್ನನ ತಲೆಯ ಅರ್ಧಭಾಗ ಇಲ್ಲವೇ ಇಲ್ಲ, ಉಳಿದದ್ದು ನಾಲ್ಕೈದು ಎಳೆಗಳು. ಮನಸ್ಸಿಗೆ ಆದದ್ದೆಲ್ಲ ಮೈಮೇಲೆ ಕಾಣುತ್ತದೆ. ಕುಡಿತ ಬಿಡು ಎಂದು ಲ್ಯಾಂಡ್ರೆತ್ ಹೇಳಲು ಹೋದಾಗ ಅವನು ಕೆರಳುತ್ತಾನೆ. ಹಾಗೆ ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಕುಡಿತಕ್ಕೆ ಬಲಿಯಾದ ಅವರ ಸ್ವಂತ ತಾಯಿ. ಮಕ್ಕಳೊಡನೆ ನೋಡುವ ಚಿತ್ರವಲ್ಲ. ಆದರೆ ಮಕ್ಕಳನ್ನು ಈ ವೃತ್ತಿಗೆ ಕಳಿಸಬೇಕೆಂದಿರುವ ತಂದೆತಾಯಿಗಳು ಒಮ್ಮೆ ಒಬ್ಬರೇ ಕೂತು ನೋಡಲಿ.

ವೃತ್ತಿಯ ಮಾತು ಬಂತು. ನಮ್ಮ ಹೈದರಾಬಾದು ಈ ಕಸುಬಿನಲ್ಲಿ ಸಣ್ಣ ಊರಲ್ಲ. ೨೦೦೮ರಲ್ಲಿ ಟಿ.ವಿ.ಗೆ ಬಂದು ದೇಶದ ಮಕ್ಕಳನ್ನೆಲ್ಲ ಲಾಡು ತಿನ್ನುವಂತೆ ಮಾಡಿದ ‘ಛೋಟಾ ಭೀಮ್’ ಇಲ್ಲಿಯ ಗ್ರೀನ್ ಗೋಲ್ಡ್ ಸಂಸ್ಥೆಯದು. ಸುದೀಪ್ ಖಳನಾಗಿ ಮಿಂಚಿದ ‘ಈಗ’ ಚಿತ್ರದ ನೊಣವನ್ನು ಹಾರಿಸಿದ ಮಕುಟ ಸಂಸ್ಥೆಯೂ ಇಲ್ಲಿಯದೇ. ೨೦೧೨ರ ಆ ಚಿತ್ರಕ್ಕೆ ಸ್ಪೆಷಲ್ ಎಫೆಕ್ಟ್ಸ್‌ನ ರಾಷ್ಟ್ರಪ್ರಶಸ್ತಿ ಬಂತು. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ಅಮೆರಿಕದ ರಿದಂ ಅಂಡ್ ಹ್ಯೂಸ್ ಕಂಪನಿಗೆ ಹೈದರಾಬಾದಿನಲ್ಲೂ ಶಾಖೆಯಿತ್ತು, ಆ ಕೆಲಸದಲ್ಲಿ ಇಲ್ಲಿಯವರ ಪಾಲೂ ಇತ್ತು. ೨೦೧೩ರ ಫೆಬ್ರವರಿಯಲ್ಲಿ ಆ ಹುಲಿಗೆ ಆಸ್ಕರ್ ಬಂತು. ಅದಕ್ಕೆ ಕೆಲವೇ ದಿನ ಮೊದಲು ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ವೇದಿಕೆಯ ಮೇಲೆ ಆ ವಿಷಯ ಎತ್ತುವಷ್ಟರಲ್ಲಿ ಭಾಷಣಕಾರರ ದನಿಯನ್ನು ವಾದ್ಯಸಂಗೀತದಲ್ಲಿ ಮುಳುಗಿಸಿದರು. ೨೦೨೫ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಂಸ್ಥೆಯ ಬೆಂಗಳೂರಿನ ದೊಡ್ಡ ಶಾಖೆ ಮುಚ್ಚಿದಾಗಲೂ ಎಷ್ಟೋ ಕನ್ನಡ ಮನೆಗಳಿಗೆ ಬಿಸಿ ತಟ್ಟಿತು.

ನಾವು ಹೇಳಹೊರಟಿರುವುದು ಕೆಲಸ ಹೋಗುವ ಭಯವನ್ನಲ್ಲ. ಆ ದೀಪಾವಳಿಯ ಕೂಟದಲ್ಲಿ ಇಂಥದೊಂದು ಸ್ಟುಡಿಯೋದಲ್ಲಿ ದುಡಿಯುವ ಹುಡುಗನೂ ಇದ್ದ, ಮೇಲೆ ಹೇಳಿದ ಅಜ್ಜಿಯ ಮೊಮ್ಮಗ. ಯಾವುದೋ ವಿದೇಶಿ ಚಿತ್ರದಲ್ಲಿ ಕುದುರೆ ಓಡುವ ದೃಶ್ಯ ಅವನ ತಂಡದ ಕೈಯಲ್ಲಿ ತಯಾರಾಗಿತ್ತೆಂದು ಮನೆಯವರು ಹೆಮ್ಮೆಯಿಂದ ಹೇಳುತ್ತಿದ್ದರು. ಅವನು ನಮ್ಮ ಪಕ್ಕ ಬಂದು ಮೆಲ್ಲನೆ, ‘ಕುದುರಿ ನಾವ್ ಮಾಡಿಲ್ರಿ ಕಾಕಾ. ಕುದುರಿ ಮ್ಯಾಲ ಕುಂತಂವನ ಬೆನ್ನಿಗಿ ಕಟ್ಟಿದ್ದ ತಂತಿ ಅಳಿಸೀವಿ’ ಎಂದ. ತಂತಿ ಕಾಣದಂತೆ ಒಂದೊಂದು ಚೌಕಟ್ಟಿನಲ್ಲೂ ಅಳಿಸುವುದು, ಸೆಕೆಂಡಿಗೆ ಇಪ್ಪತ್ನಾಲ್ಕು ಚೌಕಟ್ಟು. ಹೇಳಿಕೇಳಿ ಗುಮಾಸ್ತರಾದ ನಮಗೆ ಅವನ ಕೆಲಸ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಯಿತು. ಕಡತದಲ್ಲಿ ಷರಾ ಬರೆಯುವವರು ನಾವು, ರುಜು ಮೇಲಿನವರದು.

ಸಿಗ್‌ಗ್ರಾಫಿನ ಬಹುಮಾನ ಚಿತ್ರಗಳು ಮೂಡಿದ ರೀತಿ ಬೇರೆ. ಅವುಗಳಲ್ಲಿ ಹಲವು ಶಾಲೆಗಳಲ್ಲಿ ಹುಟ್ಟಿದವು. ಒಬ್ಬರೋ ಇಬ್ಬರೋ ತಮಗೆ ಗೊತ್ತಿರುವ ಒಂದು ಬೀದಿ, ಒಂದು ಅಂಗಳ, ಒಬ್ಬ ಮುದುಕನನ್ನು ವರ್ಷಗಟ್ಟಲೆ ನೋಡುತ್ತ ಕೂತದ್ದರ ಫಲ. ನಮ್ಮಲ್ಲಿಯ ಕೋರ್ಸುಗಳು ಕಲಿಸುವುದು ಸಾಫ್ಟ್‌ವೇರನ್ನು. ಕೈ ತಯಾರಾಗುತ್ತದೆ, ಆ ಕೈಗೆ ತೋರಿಸಲು ಸ್ವಂತದ್ದು ಏನಿದೆ ಎಂದು ಕೇಳುವ ಪಿರಿಯಡ್ಡು ವೇಳಾಪಟ್ಟಿಯಲ್ಲಿಲ್ಲ.

ಭಾರತೀಯರಿಗೆ ಇದು ಆಗದ ಕೆಲಸವೇನಲ್ಲ. ಮುಂಬಯಿಯ ಗೀತಾಂಜಲಿ ರಾವ್ ‘ಪ್ರಿಂಟೆಡ್ ರೇನ್‌ಬೋ’ ಎಂಬ ಹದಿನೈದು ನಿಮಿಷದ ಚಿತ್ರವನ್ನು ತಾವೊಬ್ಬರೇ ಬಣ್ಣ ಹಚ್ಚಿ ಹಚ್ಚಿ ಮಾಡಿ ೨೦೦೬ರಲ್ಲಿ ಕಾನ್ ಉತ್ಸವದ ವಿಮರ್ಶಕರ ಸಪ್ತಾಹದಲ್ಲಿ ಮೂರು ಪ್ರಶಸ್ತಿ ತಂದರು. ಮಹಾನಗರದ ಫ್ಲ್ಯಾಟಿನಲ್ಲಿ ಒಬ್ಬಂಟಿ ಮುದುಕಿ, ಜೊತೆಗೊಂದು ಬೆಕ್ಕು, ಹಳೆಯ ಬೆಂಕಿಪೊಟ್ಟಣಗಳ ಸಂಗ್ರಹ. ಅವಳ ಮನೆ ಬೂದುಬಣ್ಣದ್ದು. ಪೊಟ್ಟಣದ ಮೇಲಿನ ಚಿತ್ರದೊಳಗೆ ಅವಳು ಹೊಕ್ಕರೆ ಬಣ್ಣಗಳು ಸುರಿಯುತ್ತವೆ. ಅಲ್ಲಿಯೂ ಮಾತಿಲ್ಲ. ಇನ್ನು ನೆರೆಯ ಮಲಯಾಳಿಗಳದು ಬೇರೆಯೇ ದಾರಿ. ಅದಿತಿ ಕೃಷ್ಣದಾಸ್ ಮತ್ತು ಸುರೇಶ್ ಎರಿಯಾಟ್ ಅವರ ‘ಕಂಡಿಟ್ಟುಂಡ್’ ಚಿತ್ರದಲ್ಲಿ ಪಣಿಕ್ಕರ್ ಎಂಬ ಹಿರಿಯರು ತಾವು ಕಂಡ ದೆವ್ವಭೂತಗಳ ಕಥೆಯನ್ನು ಮಲಯಾಳದಲ್ಲಿ, ಜಗಲಿಯಲ್ಲಿ ಕೂತು ಹೇಳುವ ಧಾಟಿಯಲ್ಲೇ ಹೇಳುತ್ತಾರೆ. ರೇಖೆಗಳು ಅವರ ಮಾತಿ‌ನ ಬಾಲ ಹಿಡಿದು ಕುಣಿಯುತ್ತವೆ. ೨೦೨೧ನೇ ಸಾಲಿನ ಅತ್ಯುತ್ತಮ ಅನಿಮೇಷನ್ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು.

ಈ ಎಲ್ಲವನ್ನೂ ನೋಡಿದ ಮೇಲೆ ನಮಗೆ ಅನ್ನಿಸುವುದಿಷ್ಟು. ಗೆದ್ದ ಚಿತ್ರ ಒಂದೋ ಮಾತನ್ನು ಪೂರ್ತಿ ಬಿಟ್ಟಿರುತ್ತದೆ, ಇಲ್ಲವೇ ಒಂದು ಮನೆಯ, ಒಂದು ಬಾಯಿಯ ಮಾತನ್ನೇ ಆಡುತ್ತದೆ. ಎಲ್ಲರಿಗೂ ಆಗಲಿ ಎಂದು ಯಾರ ಮನೆಯದೂ ಅಲ್ಲದ ಭಾಷೆಯಲ್ಲಿ ಆಡಿಸಿದ ಚಿತ್ರ ವ್ಯಾಪಾರಕ್ಕೆ ಸರಿ, ಅದು ಮನಸ್ಸಿಗೆ ಇಳಿಯುವುದಿಲ್ಲ. ನಮ್ಮ ಕನ್ನಡ ಮಕ್ಕಳು ಟಿ.ವಿ.ಯಲ್ಲಿ ದಿನಾ ಕೇಳುವುದು ಇಂಥ ಭಾಷೆಯನ್ನೇ. ಕಾಚಿಗೂಡದ ಕನ್ನಡ ಶಾಲೆ ಲಿಂಗಂಪಲ್ಲಿಗೆ ಬಲು ದೂರ. ಮನೆಯ ಮಾತು ಅಡಿಗೆಮನೆಯಲ್ಲಿ ಅಜ್ಜಿಯೊಡನೆ ಉಳಿದಿದೆ.

ಕನ್ನಡಿಗರದೇ ಒಂದು ಉದಾಹರಣೆ ಇದೆ, ಅದರ ಬಗ್ಗೆ ಮೌನವಾಗಿರುವುದು ನ್ಯಾಯವಲ್ಲ. ಗೋವಿನ ಹಾಡಿನ ಪುಣ್ಯಕೋಟಿಯನ್ನು ತಿಳಿಯದ ಕನ್ನಡಿಗನಿಲ್ಲ. ಬೆಂಗಳೂರಿನ ರವಿಶಂಕರ್ ಅವರು ಬೇರೆ ನೌಕರಿ ಮಾಡಿಕೊಂಡೇ, ಜನರಿಂದ ಹಣ ಕೂಡಿಸಿ, ಬೇರೆ ಬೇರೆ ಊರಿನ ಕಲಾವಿದರನ್ನು ಜೋಡಿಸಿ ‘ಪುಣ್ಯಕೋಟಿ’ ಎಂಬ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರ ಮಾಡಿದರು. ಇಳಯರಾಜ ಸಂಗೀತ ಕೊಟ್ಟರು. ೨೦೨೦ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಇಷ್ಟು ಕಷ್ಟಪಟ್ಟು ಕೆಲಸ ಮುಗಿಸಿದವರಿಗೆ ನಮ್ಮ ನಮಸ್ಕಾರವಿದೆ. ಆದರೆ ಚಿತ್ರದ ಭಾಷೆ ಸಂಸ್ಕೃತ. ಭಾರತದ ಮೊದಲ ಸಂಸ್ಕೃತ ಅನಿಮೇಷನ್ ಚಿತ್ರವೆಂಬ ಹೆಸರು ಬಂತು, ಸರಿ. ಕರುವಿನ ಹತ್ತಿರ ಹೋಗಿ ಬಂದುಬಿಡುತ್ತೇನೆಂದು ಹಸು ಕನ್ನಡದಲ್ಲಿ ಬೇಡಿಕೊಂಡದ್ದನ್ನು ತಾಯಿಯ ತೊಡೆಯ ಮೇಲೆ ಕೇಳಿ ಅತ್ತವರು ನಾವು. ಅದೇ ಹಸು ವಿಭಕ್ತಿ ಪ್ರತ್ಯಯ ತಪ್ಪದೆ ಸಂಸ್ಕೃತದಲ್ಲಿ ಬೇಡಿಕೊಂಡಾಗ ಗೌರವ ಹುಟ್ಟುತ್ತದೆ, ಕಣ್ಣು ಒದ್ದೆಯಾಗುವುದಿಲ್ಲ. ಮಾತೇ ಇಲ್ಲದೆ, ಬರಿಯ ಕೊರಳಗಂಟೆಯ ಸದ್ದಿನಲ್ಲಿ ಹತ್ತು ನಿಮಿಷದ ಪುಣ್ಯಕೋಟಿ ಮಾಡಿದ್ದರೆ ಕೊರಿಯಾದ ಅಜ್ಜಿಯೂ ಸೆರಗು ಬಾಯಿಗೆ ಹಿಡಿಯುತ್ತಿದ್ದಳೋ ಏನೋ. ನಮ್ಮ ತೊಗಲುಗೊಂಬೆಯಾಟದಲ್ಲಿ ಬಂಗಾರಕ್ಕ ಸೊಂಟವನ್ನೊಂದು ಸಲ ಜಗ್ಗಿದರೆ ಪರದೆಯ ಆಚೆ ನೂರು ಮಂದಿ ನಗುತ್ತಿದ್ದರು. ಅದೇ ಬಂಗಾರಕ್ಕ ತೆಲುಗರ ತೋಲುಬೊಮ್ಮಲಾಟದಲ್ಲೂ ಇದ್ದಾಳೆ. ಅವಳಿಗೆ ಗಡಿ ದಾಟಲು ಯಾರ ಭಾಷೆಯೂ ಬೇಕಾಗಲಿಲ್ಲ. ಬಾಯಿಬಿಟ್ಟರೆ ಮಾತ್ರ ಆಯಾ ಊರಿನದೇ ಮಾತು.

ದುಡ್ಡಿಲ್ಲ, ಯಂತ್ರವಿಲ್ಲ ಎಂಬ ನೆಪವೂ ಈಗ ನಿಲ್ಲುವಂತಿಲ್ಲ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ ‘ಫ್ಲೋ’ ಕಿರುಚಿತ್ರವಲ್ಲವಾದರೂ ಇಲ್ಲಿ ಹೇಳಬೇಕಾದ್ದು. ಪ್ರವಾಹದಲ್ಲಿ ದೋಣಿಯೇರಿದ ಬೆಕ್ಕಿನ ಕಥೆ. ಒಂದು ಮಾತೂ ಇಲ್ಲ. ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದಾದ ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ೨೦೨೫ರ ಮಾರ್ಚಿನಲ್ಲಿ ದೊಡ್ಡ ದೊಡ್ಡ ಕಂಪನಿಗಳನ್ನು ಹಿಂದೆ ಹಾಕಿ ಆಸ್ಕರ್ ಗೆದ್ದಿತು. ಲಾಟ್ವಿಯಾದ ಜನಸಂಖ್ಯೆ ಇಪ್ಪತ್ತು ಲಕ್ಷವೂ ಇಲ್ಲ. ೨೦೧೧ರ ಜನಗಣತಿಯಲ್ಲಿ ಕನ್ನಡ ತಾಯಿನುಡಿ ಎಂದು ಬರೆಸಿದವರೇ ನಾಲ್ಕು ಕೋಟಿಗೂ ಮಿಕ್ಕು.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮದೊಂದು ಅಹವಾಲು. ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಪ್ರಬಂಧ, ರಂಗೋಲಿ, ಭಾವಗೀತೆ ಇವೆ. ಮುಂದಿನ ನವೆಂಬರಿಗೆ ಐದು ನಿಮಿಷ ಮೀರದ ಅನಿಮೇಷನ್ ಚಿತ್ರಕ್ಕೂ ಒಂದು ಬಹುಮಾನವಿಡಬಹುದು. ನಿಯಮ ಒಂದೇ ಸಾಕು: ಮಾತಿರಕೂಡದು, ಇದ್ದರೆ ಮನೆಯಲ್ಲಿ ಆಡುವ ಕನ್ನಡವೇ ಇರಬೇಕು, ಅದು ಬೀದರಿನದಾಗಲಿ, ಕಾಸರಗೋಡಿನದಾಗಲಿ, ತೆಲುಗು ಬೆರೆತದ್ದೇ ಆಗಲಿ.

ತಂತಿ ಅಳಿಸುವ ಆ ಹುಡುಗ ಹೇಗೂ ಒಂದನ್ನು ಶುರು ಮಾಡಿಕೊಂಡಿದ್ದಾನೆ. ರಾತ್ರಿ ಪಾಳಿ ಮುಗಿಸಿ ಬಂದು, ತನ್ನ ಅಜ್ಜಿ ಜೋಳದ ರೊಟ್ಟಿ ಬಡಿಯುವುದನ್ನು ಬ್ಲೆಂಡರಿನಲ್ಲಿ ಮೂಡಿಸುತ್ತಿದ್ದಾನೆ. ಕೈ, ಹಿಟ್ಟು, ಬಳೆಯ ಸದ್ದು, ಇನ್ನೇನೂ ಇಲ್ಲ. ನಾಲ್ಕು ತಿಂಗಳಲ್ಲಿ ನಲವತ್ತು ಸೆಕೆಂಡು ಆಗಿದೆ. ನಾವೂ ನೋಡಿದೆವು. ಬೆಳಕು ಬಹಳ ಚೆನ್ನಾಗಿದೆ, ಹಿಟ್ಟು ಮಾತ್ರ ಇನ್ನೂ ಹಿಟ್ಟಾಗಿಲ್ಲ, ರಬ್ಬರಿನ ಹಾಗಿದೆ ಎಂದು ಹೇಳಿದೆವು. ಅಜ್ಜಿ ಕನ್ನಡಕ ಏರಿಸಿಕೊಂಡು ಎರಡು ಸಲ ಹಾಕಿಸಿ ನೋಡಿದರು. ‘ಇಷ್ಟು ಸಾವಕಾಶ ತಿರುವಿದ್ರ ರೊಟ್ಟಿ ಹರಿತದ ತಮ್ಮಾ’ ಎಂದರು. ಹುಡುಗ ಆ ಭಾಗವನ್ನು ಅಳಿಸಿ ಮತ್ತೆ ಮಾಡುತ್ತಿದ್ದಾನೆ.